ಗುರುವಾರದ ಸುತ್ತಲಿನ ಪೆನ್ಸಿಲ್ ಗೆರೆ

ಗ್ರಹಗಳು ಮನುಷ್ಯರನ್ನು ಆಳುತ್ತವೆ ಎಂಬುದು ಗಂಭೀರ ಸತ್ಯ. ನಮ್ಮ ಮನೆಯಲ್ಲಿ ಮಾತ್ರ ಅವು ಜಿರಳೆಗೆ ಹೆದರಿ, ಅಲಮಾರಿನ ಮೇಲೆ ಡಾಂಬರು ಗುಳಿಗೆಯ ಜೊತೆ ಮಲಗಿರುತ್ತವೆ. ಮೊನ್ನೆ ಧೂಳು ಜಾಡಿಸುವಾಗ ಒಂದು ಹಳೆಯ ಪಂಚಾಂಗ ಕೆಳಗೆ ಬಿತ್ತು. ಅದೇ ವಾಸನೆ. ಒಳಗೆ ಒಂದು ಗುರುವಾರದ ಸುತ್ತ ನನ್ನದೇ ಪೆನ್ಸಿಲ್ ಗೆರೆ...

ಆಗ ಕಾಚಿಗೂಡದಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಯಾದಗಿರಿ ಕಡೆಯ ಕುಟುಂಬವೊಂದಿತ್ತು. ಆ ಮನೆಯ ಸೊಸೆ ಚೊಚ್ಚಲ ಬಸುರಿ, ದಿನ ತುಂಬಿತ್ತು. ನಾನು ನಿವೃತ್ತ ಗುಮಾಸ್ತ. ದಕ್ಷಿಣೆ ಇಲ್ಲದೆ ಮುಹೂರ್ತ ಹೇಳುತ್ತಿದ್ದುದರಿಂದ ಗಲ್ಲಿಗೆಲ್ಲ ಮಹಾಜ್ಞಾನಿ.

"ಕೂಸು ತಲೀ ತೆಳಗ ಮಾಡವಲ್ದು ಕಾಕಾ," ಎಂದು ಆಕೆ ನಗುತ್ತ ಹೇಳಿದ್ದಳು. "ನಿಮ್ಮಂಗ ಕುರ್ಚಿ ಹಿಡದು ಕುಂತೈತಿ."

ಅಂಥ ಕೂಸು ಸಹಜ ಹೆರಿಗೆಯಲ್ಲಿ ಕಾಲು ಮುಂದಾಗಿ ಬಂದರೆ ತಲೆ ಸಿಕ್ಕಿಕೊಳ್ಳಬಹುದು, ಸೋಮವಾರವೇ ಆಪರೇಷನ್ ಮಾಡೋಣ ಎಂದಿದ್ದರು ಡಾಕ್ಟರಮ್ಮ. ಮನೆಯವರೂ ಒಪ್ಪಿದ್ದರು. ಅಷ್ಟಕ್ಕೇ ಬಿಡಬಹುದಿತ್ತು.

ಆಕೆಯ ಅತ್ತೆ ಮೆಟ್ಟಿಲು ಹತ್ತಿ ಬಂದರು. "ಹೆಂಗೂ ಕೊಯ್ಸೋದ ಐತಿ, ಛಲೋ ಗಳಿಗ್ಯಾಗ ಕೊಯ್ಸೋಣು. ನೋಡ್ರಿ ಅಣ್ಣಾರ."

ನಾನು ಕನ್ನಡಕ ಏರಿಸಿ, ನ್ಯಾಯಾಧೀಶರ ಗಾಂಭೀರ್ಯದಿಂದ ಸೋಮವಾರವನ್ನು ವಜಾ ಮಾಡಿದೆ. ಗುರುವಾರ, ಬೆಳಿಗ್ಗೆ ಹತ್ತೂವರೆ.

ಆಕೆ ಬಾಗಿಲಲ್ಲೇ ನಿಂತಿದ್ದಳು. "ಇನ್ನ ಮೂರು ದಿನ ಅದು ಸುಮ್ಮ ಕುಂದರತೈತೇನ್ರಿ ಕಾಕಾ?"

"ರಾಜನ ಜಾತಕ ಐತಿ ತಾಯಿ. ಕಾಯ್ತಾನ ಬಿಡು," ಎಂದೆ. ಅತ್ತೆ ನಕ್ಕರು. ಆಕೆ ನಗಲಿಲ್ಲ... ಅಥವಾ ನಕ್ಕಳೇನೋ. ಅದೊಂದು ನೆನಪಾಗುತ್ತಿಲ್ಲ.

ಬುಧವಾರ ಬೆಳಿಗ್ಗೆ ನೀರು ಒಡೆದು ನೋವು ಸುರುವಾಯಿತು. ಆಸ್ಪತ್ರೆ ಇನ್ನೂ ದೂರವಿರುವಾಗಲೇ, ಆಟೋದಲ್ಲಿ, ಕೂಸಿನ ಕಾಲು ಹೊರಬಂದವು. ನಾನು ಡ್ರೈವರನ ಪಕ್ಕ ಕುಳಿತಿದ್ದೆ. ಅತ್ತೆಯ ತೋಳಿಗೆ ಒರಗಿದ್ದ ಆಕೆ ಹಿಂದಿನಿಂದ ಕೂಗಿದಳು: "ಕಾಕಾ, ಇವತ್ತಿನ ಗಳಿಗಿ ಹೆಂಗೈತ್ರಿ? ಹೇಳ್ರಿ..."

ಪಂಚಾಂಗ ಮನೆಯಲ್ಲಿತ್ತು.

ಅವರು ಆ ತಿಂಗಳೇ ಊರು ಬಿಟ್ಟರು. ಹೊರಡುವಾಗ ಆಕೆ ವಾಡಿಕೆಯಂತೆ ನನ್ನ ಕಾಲಿಗೆ ನಮಸ್ಕರಿಸಿದಳು. ಏನೆಂದು ಹರಸಿದೆನೋ...

ಈಗ ಹೆರಿಗೆಗೆ ಗಳಿಗೆ ಕೇಳಿಕೊಂಡು ಬಂದವರನ್ನು ಡಾಕ್ಟರ ಬಳಿಗೇ ಅಟ್ಟುತ್ತೇನೆ. ನನ್ನ ಜ್ಞಾನದ ಬಗ್ಗೆ ಗಲ್ಲಿಯಲ್ಲಿ ಅನುಮಾನಗಳೆದ್ದಿವೆ. ಪಂಚಾಂಗವನ್ನು ಒರೆಸಿ ಮತ್ತೆ ಮೇಲಿಟ್ಟೆ. ಗೆರೆ ಅಳಿಸಲಿಲ್ಲ.

ಗಂಡು ಕೂಸು. ತಲೆ ಸಿಕ್ಕಿಕೊಂಡು ಆಸ್ಪತ್ರೆಯ ಬಾಗಿಲಲ್ಲೇ ತೀರಿಕೊಂಡಿತು. ತಾಯಿ ಉಳಿದಳು.