ಆಲದಹಳ್ಳಿಯ ಹಾಲಿನ ಕ್ಯಾನುಗಳು

ನನ್ನ ನಾಲಿಗೆಗೆ ‘ಹ’ ಬರುತ್ತಿರಲಿಲ್ಲ. ಬೇಗೂರಿನ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ಹಾಗಾಗಿ ಅದು ಇಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ನಾವು ಆಲು ಕರೆಯುತ್ತಿದ್ದೆವು, ಅಸು ಮೇಯಿಸುತ್ತಿದ್ದೆವು, ಒಲಕ್ಕೆ ಓಗುತ್ತಿದ್ದೆವು. ಬರೆಯುವಾಗ ಮಾತ್ರ ನಾನು ತಪ್ಪುತ್ತಿರಲಿಲ್ಲ, ಪರೀಕ್ಷೆಗಳಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕವನ್ನೇ ತೆಗೆಯುತ್ತಿದ್ದೆ. ಆ ಅಕ್ಷರ ಕೈಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಇದೂ ಒಂದು ಕೊರತೆ ಎಂದು ನನಗೆ ತಿಳಿದದ್ದು ತೊಂಬತ್ತರ ದಶಕದಲ್ಲಿ, ಪೀಣ್ಯದಲ್ಲಿ, ಒಂದು ಆಟದ ರೈಲು ಮಗುಚಿ ಬಿದ್ದ ದಿನ.

ಆಗ ನಾನು ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದೆ. ಕಾರ್ಖಾನೆಯ ಯಜಮಾನರಿಗೆ ರೈಲಿನ ಹುಚ್ಚು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ, ಮೇಲಿನ ಅಂತಸ್ತಿನ ಹಳೆಯ ಸ್ಟೋರ್ ರೂಮಿನಲ್ಲಿ ಅದೇ ಹುಚ್ಚಿನ ಏಳೆಂಟು ಜನ ಸೇರುತ್ತಿದ್ದರು. ಅದಕ್ಕೆ ಕ್ಲಬ್ಬು ಎಂದು ಹೆಸರು. ಪರದೇಶದಲ್ಲಿದ್ದ ಯಜಮಾನರ ತಮ್ಮ ಸೂಟ್‌ಕೇಸಿನಲ್ಲಿ ತುಂಬಿ ತಂದ ಅಂಗೈಯಗಲದ ಎಂಜಿನ್ನು, ಬೋಗಿಗಳು, ಬೆರಳಗಲದ ಹಳಿಗಳು ಅಲ್ಲಿದ್ದವು. ಎರಡು ಪ್ಲೈವುಡ್ ಹಲಗೆ ಜೋಡಿಸಿ, ಅದರ ಮೇಲೆ ಒಂದು ಊರು, ಒಂದು ಸ್ಟೇಷನ್ನು, ಸುರಂಗವಿರುವ ಒಂದು ಗುಡ್ಡ ಕಟ್ಟಿ, ಸುತ್ತಲೂ ರೈಲು ಓಡಿಸಿ ಜನರಿಗೆ ತೋರಿಸಬೇಕೆಂಬುದು ಅವರೆಲ್ಲರ ಆಸೆಯಾಗಿತ್ತು. ನನ್ನನ್ನು ಕರೆದದ್ದು ಡ್ರಾಯಿಂಗ್ ವಿಭಾಗದ ಒಬ್ಬರು. ದಾವಣಗೆರೆ ಕಡೆಯವರು, ಹಣೆಗೆ ವಿಭೂತಿ, ಬಾಯಿ ತುಂಬ ಕನ್ನಡ, ನಗಿಸುವುದರಲ್ಲಿ ಎತ್ತಿದ ಕೈ. “ಬರ್ರೀ, ಸಣ್ಣ ಹುಡುಗ್ರಾಗಿ ಆಡೋಣಂತ” ಎಂದರು, ನಾನೂ ಹೋದೆ.

ಹೋದ ಮೊದಲ ದಿನವೇ ತಿರುವಿನಲ್ಲಿ ಎಂಜಿನ್ನು ಪಕ್ಕಕ್ಕೆ ಉರುಳಿತು. ಹತ್ತಿರದಲ್ಲಿದ್ದ ನಾನು ಗಾಬರಿಯಲ್ಲಿ ಕೂಗಿದೆ, “ಸಾರ್, ಗಾಡಿ ಅಳಿ ತಪ್ಪೈತೆ!”

ದಾವಣಗೆರೆಯವರು ತಲೆ ಎತ್ತಿ ನೋಡಿದರು. “ಅಳಿ ತಪ್ಪಿದ್ರ ಒಳ್ಳೇದೇ ಆತಲ್ರೀ. ಉಳ್ಕೊಂತು ಬಿಡ್ರಿ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹಳಿ ಅನ್ನಬೇಕಾದವನು ಅಳಿ ಅಂದಿದ್ದೆ. ಅಂದರೆ ನಾಶವಾಗು ಎಂದು. ಅಳಿಯುವುದು ತಪ್ಪಿದರೆ ಉಳಿಯಿತು ತಾನೇ? ಮಾತು ಎಷ್ಟು ಚೆನ್ನಾಗಿತ್ತೆಂದರೆ ನಾನೂ ನಕ್ಕೆ. ನಗುತ್ತಲೇ ಕಿವಿಯೆಲ್ಲ ಬಿಸಿಯಾಯಿತು. ಅವರಿಗೆ ನನ್ನನ್ನು ನೋಯಿಸುವ ಉದ್ದೇಶವೇನೂ ಇರಲಿಲ್ಲ. ಆದರೆ ಅವತ್ತು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಬೇಗೂರು ತಲುಪುವವರೆಗೆ ನಾನು ಕಂಡಕ್ಟರನ ಹತ್ತಿರವೂ ಬಾಯಿ ಬಿಡಲಿಲ್ಲ, ಚಿಲ್ಲರೆ ಮುಂದೆ ಹಿಡಿದು ಬೋರ್ಡಿನ ಕಡೆ ಕೈ ತೋರಿಸಿದೆ.

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಎಲ್ಲೆಲ್ಲಿ ‘ಹ’ ಬಿಟ್ಟುಹೋಗಿದೆಯೋ ಎಂಬ ಹೆದರಿಕೆಯಲ್ಲಿ, ಇಲ್ಲದ ಕಡೆಗೂ ಅದನ್ನು ತಂದು ಅಂಟಿಸತೊಡಗಿದೆ. ಕ್ಯಾಂಟೀನಿನಲ್ಲಿ ಅಕ್ಕಿ ರೊಟ್ಟಿ ಕೇಳುವ ಬದಲು “ಹಕ್ಕಿ ರೊಟ್ಟಿ” ಕೇಳಿದೆ. ಆಫೀಸಿಗೆ ಹೋಗಿ ಬರುತ್ತೇನೆ ಎನ್ನುವುದು ಹಾಫೀಸಾಯಿತು. ಮೊದಲು ತಪ್ಪು ಮಾತ್ರ ಮಾಡುತ್ತಿದ್ದವನು ಈಗ ಸರಿಯನ್ನೂ ತಪ್ಪು ಮಾಡುತ್ತಿದ್ದೆ. ಇದಕ್ಕಿಂತ ಬಾಯಿಗೆ ಬೀಗ ಹಾಕಿಕೊಳ್ಳುವುದೇ ವಾಸಿ ಎಂದುಕೊಂಡು ಕ್ಲಬ್ಬಿನಲ್ಲಿ ಕೈಕೆಲಸಕ್ಕೆ ಬಿದ್ದೆ.

ಹಾಗೆ ಹುಟ್ಟಿದ್ದು ಆ ಮರ. ಬೇರೆಯವರು ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ಗುಡ್ಡ ಕಟ್ಟುತ್ತಿದ್ದರು, ಜಲ್ಲಿಯ ಪುಡಿ ಜರಡಿ ಹಿಡಿದು ಹಳಿಯ ಬದಿಗೆ ಸುರಿಯುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಕರೆಂಟು ವೈರಿನ ತಾಮ್ರದ ಎಳೆಗಳನ್ನು ಬಿಡಿಸಿ, ಹೊಸೆದು, ಕೊಂಬೆ ಮಾಡಿ, ಗೋಣಿಚೀಲದ ನಾರಿನಿಂದ ಬಿಳಲು ಇಳಿಬಿಟ್ಟೆ. ಹಸಿರು ಬಣ್ಣದಲ್ಲಿ ಅದ್ದಿದ ಸ್ಪಂಜಿನ ಚೂರುಗಳು ಎಲೆಗಳಾದವು. ಒಳ್ಳೆಯ ಆಲದ ಮರ ಎದ್ದು ನಿಂತಿತು. ಯಜಮಾನರು ಅದನ್ನು ಸ್ಟೇಷನ್ನಿನ ಹಿಂದೆ ನೆಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಈ ಊರಿಗೆ ಆಲದಹಳ್ಳಿ ಅಂತ ಹೆಸರಿಡೋಣ” ಎಂದರು. ನನ್ನ ಅಕ್ಷರ ದುಂಡಗಿತ್ತೆಂದು ಹಳದಿ ಬೋರ್ಡಿನ ಮೇಲೆ ಕಪ್ಪು ಬಣ್ಣದಲ್ಲಿ ಹೆಸರು ಬರೆಯುವುದಕ್ಕೂ ನನ್ನನ್ನೇ ಕೂರಿಸಿದರು. ನಾನು ಹಿಗ್ಗಿಹೋದೆ. ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು: “ಮರ ನಿಂದು, ಊರು ನಿಂದು. ಎಕ್ಸಿಬಿಷನ್ ದಿನ ಮೈಕಲ್ಲಿ ಅನೌನ್ಸ್‌ಮೆಂಟೂ ನೀನೇ ಮಾಡ್ಬೇಕು ಕಣಪ್ಪ.”

ಬೇಡ ಸಾರ್ ಎನ್ನಬಹುದಿತ್ತು. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳುವುದು? ನನಗೆ ಆಸೆಯೂ ಇತ್ತು. ಅಷ್ಟು ಜನರ ಮುಂದೆ ನನ್ನ ಊರಿನ ಹೆಸರನ್ನು ನಾನೇ ಸರಿಯಾಗಿ ಹೇಳಬೇಕು, ಒಮ್ಮೆ ಹೇಳಿಬಿಟ್ಟರೆ ಇವರ ನಗುವೆಲ್ಲ ತೀರಿಹೋಗುತ್ತದೆ ಎಂಬ ಹಟ.

ತಾಲೀಮಿನ ದಿನ ಮೈಕು ಹಿಡಿದೆ. ಆಲದಹಳ್ಳಿ. ಎಂಥ ಹೆಸರು ನೋಡಿ. ಮೊದಲಿಗೆ ‘ಹ’ ಇಲ್ಲ, ನಡುವೆ ಇದೆ. ನಮ್ಮ ಮನೆಯವರಾದರೆ ಆಲ್ದಳ್ಳಿ ಎಂದು ಎರಡನ್ನೂ ಒಂದೇ ಸಮ ಮಾಡಿಬಿಡುತ್ತಿದ್ದರು. ನಾನು ಎಚ್ಚರದಿಂದ, ಉಸಿರು ತುಂಬಿಕೊಂಡು ಹೇಳಿದೆ, “ಹಾಲದಹಳ್ಳಿ ನಿಲ್ದಾಣಕ್ಕೆ ಸ್ವಾಗತ.”

ಮುಂದಿನ ಶನಿವಾರ ಹೋಗಿ ನೋಡಿದರೆ ಪ್ಲಾಟ್‌ಫಾರ್ಮಿನ ಮೇಲೆ ಪುಟ್ಟ ಪುಟ್ಟ ಹಾಲಿನ ಕ್ಯಾನುಗಳು ಸಾಲಾಗಿ ನಿಂತಿದ್ದವು. ದಾವಣಗೆರೆಯವರು ಹಿತ್ತಾಳೆಯ ಚೂರುಗಳನ್ನು ಲೇತಿಗೆ ಕೊಟ್ಟು, ತಮ್ಮ ಕೈಯಾರೆ ಕಡೆದು ತಂದಿದ್ದರು. ಕತ್ತು, ಮುಚ್ಚಳ ಎಲ್ಲ ಇತ್ತು. “ಹಾಲದಹಳ್ಳಿ ಅಂದ ಮೇಲೆ ಹಾಲು ಬ್ಯಾಡೇನ್ರೀ?” ಎಂದರು. ಯಜಮಾನರಿಗೆ ಅವು ತುಂಬ ಹಿಡಿಸಿ, ಅಲ್ಲೇ ಗಟ್ಟಿಯಾಗಿ ಅಂಟಿಸಿಬಿಟ್ಟರು. ನನ್ನ ನಾಚಿಕೆ ಹೀಗೆ ಪ್ಲಾಟ್‌ಫಾರ್ಮಿನ ಮೇಲೆ ಕಾಯಂ ಆಗಿ ಕೂತಿತು. ಬಂದವರೆಲ್ಲ ಇದೇನು ಎಂದು ಕೇಳುವುದು, ಅವರಿಗೆ ಯಾರಾದರೂ ಕತೆ ಹೇಳುವುದು, ಎಲ್ಲರೂ ನನ್ನ ಕಡೆ ತಿರುಗಿ ನಗುವುದು ನಡೆದೇ ಇತ್ತು.

ಆಮೇಲೆ ದಿನಾ ಬೆಳಗ್ಗೆ ಮನೆಯ ಹಿಂದೆ ಕೊಟ್ಟಿಗೆಯಲ್ಲಿ ನಿಂತು ಅಭ್ಯಾಸ ಶುರು ಮಾಡಿದೆ. ನಮಗೇನೂ ಬಡತನವಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಸಾಲುಮನೆ ಕಟ್ಟಿಸಿದ್ದ, ರಾಗಿ ಹೋಗಿ ಬಾಡಿಗೆ ಬೆಳೆಯುತ್ತಿತ್ತು. ಆದರೂ ಎರಡು ಹಸುಗಳನ್ನು ಬಿಟ್ಟಿರಲಿಲ್ಲ. ಬಾಡಿಗೆಯವರಿಗೆ ನನ್ನ ಪಾಠ ಕೇಳಿಸಬಾರದೆಂದು ನಾನು ಹಸುಗಳ ಮಧ್ಯೆ ನಿಲ್ಲುತ್ತಿದ್ದೆ. ಬಾಯಿಯ ಮುಂದೆ ಅಂಗೈ ಹಿಡಿಯುವುದು, ಉಸಿರು ಅಂಗೈಗೆ ತಾಕಿದರೆ ‘ಹ’, ತಾಕದಿದ್ದರೆ ‘ಅ’. ಹಾಲು, ಹಳಿ, ಹಿಂದೆ, ಹೊಗೆ. ಕೊನೆಗೆ ಆಲದಹಳ್ಳಿ.

ಒಂದು ದಿನ ಅಪ್ಪ ಪಾತ್ರೆ ಹಿಡಿದು ಬಂದವನು ನಿಂತು ನೋಡಿದ. “ಏನ್ಲಾ, ಬಾಯಿ ಸುಟ್ಕಂಡಾ?”

ನಾನು ವಿಷಯ ಹೇಳಿದೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. “ಎಲ್ಲಾರೂ ಅಂಗೇ ಅಲ್ವಾ ಅನ್ನೋದು?”

“ಇಲ್ಲ. ಎಲ್ಲಿ, ಹಾಲು ಅನ್ನು.”

“ಆಲು.”

“ಹಾ… ಲು.”

“ಆ… ಲು” ಎಂದು ಅಪ್ಪ ನನ್ನ ಹಾಗೆಯೇ ಅಂಗೈ ಹಿಡಿದು, ಕುತ್ತಿಗೆ ಚಾಚಿ ಹೇಳಿ, ತಾನೇ ನಗತೊಡಗಿದ. ನನಗೆ ಎಲ್ಲಿತ್ತೋ ಸಿಟ್ಟು. “ಈ ನಾಲ್ಗೇನೇ ನಂಗೂ ಬಂದಿರೋದು. ಜನದ ಮುಂದೆ ನಾಚ್ಕೆ ಆಗ್ತೈತೆ ನಂಗೆ” ಎಂದೆ. ಅಪ್ಪ ನಗು ನಿಲ್ಲಿಸಿದ. ಹಸುವಿನ ಪಕ್ಕ ಕೂತು ಹಾಲು ಕರೆಯುವುದಕ್ಕೆ ಶುರು ಮಾಡಿದ.

ಪ್ರದರ್ಶನದ ಹಿಂದಿನ ದಿನ ಅವನು ಕೇಳಿದ, “ನಾಳೆ ನಾನೂ ಬರ್ಲೇನ್ಲಾ?”

“ದೂರ ಆಗ್ತೈತೆ, ಎರಡು ಬಸ್ಸು” ಎಂದೆ. ಅದು ನಿಜವೇ ಆಗಿತ್ತು, ಅಪ್ಪ ತಲೆಯಾಡಿಸಿದ.

ಪ್ರದರ್ಶನ ಕಾರ್ಖಾನೆಗೆ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿತ್ತು. ಭಾನುವಾರ, ಮಕ್ಕಳು ಮರಿ ಕಟ್ಟಿಕೊಂಡು ಜನ ಬಂದಿದ್ದರು. ಮೇಜಿನ ಸುತ್ತ ಹಗ್ಗ ಕಟ್ಟಿದ್ದೆವು. ಯಜಮಾನರು ಒಂದು ತುದಿಯಲ್ಲಿ ರೈಲು ಓಡಿಸುವ ಗುಂಡಿ ಹಿಡಿದಿದ್ದರೆ ಇನ್ನೊಂದು ತುದಿಯಲ್ಲಿ ನಾನು ಮೈಕಿನೊಂದಿಗೆ, ನನ್ನ ಪಕ್ಕಕ್ಕೆ ದಾವಣಗೆರೆಯವರು. ಬೆಳಗಿನಿಂದ ನಾನು ಕಳ್ಳದಾರಿ ಹಿಡಿದಿದ್ದೆ. “ಈಗ ಗಾಡಿ ಸ್ಟೇಷನ್ನಿಗೆ ಬರುತ್ತಿದೆ”, “ಗಾಡಿ ಸ್ಟೇಷನ್ ಬಿಟ್ಟಿತು”, ಇಷ್ಟೇ. ಊರಿನ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ. ಯಜಮಾನರು ಎರಡು ಸಲ ದೂರದಿಂದ ಹೆಸರು ಹೇಳು ಎಂದು ಸನ್ನೆ ಮಾಡಿದರು, ನಾನು ಕಾಣದವನ ಹಾಗೆ ಇದ್ದೆ.

ಮಧ್ಯಾಹ್ನದ ಹೊತ್ತಿಗೆ ಜನರ ನಡುವೆ ಅಪ್ಪ ಕಾಣಿಸಿದ. ಒಗೆದ ಬಿಳಿ ಪಂಚೆ, ಮದುವೆ ಮನೆಗೆ ಹಾಕುವ ಅಂಗಿ, ಹೆಗಲ ಮೇಲೆ ಟವೆಲ್ಲು. ಈಗ ಹಗ್ಗದ ಹತ್ತಿರ ಬಂದು ಏನ್ಲಾ ಅಂಗೈತೆ ಇಂಗೈತೆ ಎಂದು ಕೂಗುತ್ತಾನೆ, ಆಲು ಅನ್ನುತ್ತಾನೆ, ಅಳಿ ಅನ್ನುತ್ತಾನೆ, ದಾವಣಗೆರೆಯವರು ಇನ್ನೊಂದು ತಮಾಷೆ ಹೊಡೆಯುತ್ತಾರೆ, ನನ್ನ ನಾಲಿಗೆ ಎಲ್ಲಿಂದ ಬಂತೆಂದು ಇಡೀ ಮಂಟಪಕ್ಕೆ ಗೊತ್ತಾಗುತ್ತದೆ. ದೇವರೇ, ಇವನು ಮಾತಾಡದೆ ಹೋಗಲಿ ಎಂದು ಬೇಡಿಕೊಂಡೆ.

ಅಪ್ಪ ಹಗ್ಗದ ಹತ್ತಿರ ಬಂದ. ಮರವನ್ನು ನೋಡಿದ, ಬಹಳ ಹೊತ್ತು ನೋಡಿದ. ಕ್ಯಾನುಗಳನ್ನು ನೋಡಿ ಮುಖ ಅರಳಿಸಿದ. ಎಷ್ಟೋ ವರ್ಷ ಸೈಕಲ್ಲಿಗೆ ಅಂಥವೇ ಕ್ಯಾನು ಕಟ್ಟಿಕೊಂಡು ಮನೆ ಮನೆಗೆ ಹಾಲು ಹಾಕಿದವನು. ಗಾಡಿ ಬಂದು ಸ್ಟೇಷನ್ನಿನಲ್ಲಿ ನಿಂತಿತು. ಅಪ್ಪ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿ, ನನ್ನ ಮುಖವನ್ನೇ ನೋಡುತ್ತ, ನಿಧಾನವಾಗಿ ಕೇಳಿದ.

“ಸಾರ್, ಇದು ಯಾವ ಊರು ಸಾರ್?”

ನನ್ನನ್ನು ಅವನು ಸಾರ್ ಎಂದದ್ದು ತಮಾಷೆಗಲ್ಲ. ಮುಖದಲ್ಲಿ ನಗುವಿರಲಿಲ್ಲ. ಗುರುತಿಲ್ಲದವರನ್ನು ಕೇಳುವ ಹಾಗೆಯೇ ಕೇಳಿದ. ಸುತ್ತಲಿನವರೆಲ್ಲ ಉತ್ತರಕ್ಕಾಗಿ ನನ್ನ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನನಗೇ ಗೊತ್ತಿಲ್ಲದೆ ಎಡಗೈ ಬಾಯಿಯ ಹತ್ತಿರ ಬಂತು.

“ಇದು ಆಲದಹಳ್ಳಿ” ಎಂದೆ.

ಸರಿಯಾಗಿ ಬಂತು. ಮೊದಲಿಗೆ ಅಂಗೈ ತಣ್ಣಗಿತ್ತು, ನಡುವೆ ಉಸಿರು ತಾಕಿತು. ಆ ತುದಿಯಿಂದ ಯಜಮಾನರು ಚಪ್ಪಾಳೆ ತಟ್ಟಿದರು, ಯಾಕೆಂದು ತಿಳಿಯದೆ ಮಕ್ಕಳೂ ತಟ್ಟಿದರು.

“ಸರಿ ಸಾರ್” ಎಂದು ಅಪ್ಪ ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಜನರ ನಡುವೆ ಸರಿದು ಬಾಗಿಲ ಕಡೆ ನಡೆದ.

“ಭಾರಿ ಛಲೋ ಹೇಳಿದ್ರಿ” ಎಂದು ದಾವಣಗೆರೆಯವರು ನನ್ನ ಬೆನ್ನು ತಟ್ಟಿದರು. ಅವರ ಧ್ವನಿಯಲ್ಲಿ ನಿಜವಾದ ಖುಷಿಯಿತ್ತು. “ಯಾರ್ರೀ ಅವರು, ನಿಮಗ ಗುರುತಿನೋರೇನು?” ಗಾಡಿ ಹೊರಟಿತ್ತು. ನಾನು ಮೈಕು ಎತ್ತಿ, ಗಾಡಿ ಸ್ಟೇಷನ್ ಬಿಟ್ಟಿತು ಎಂದೆ.

ನಾನು ಮನೆಗೆ ಬರುವ ಹೊತ್ತಿಗೆ ಅಪ್ಪ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಅವ್ವ ಪಕ್ಕದಲ್ಲಿ ನಿಂತು ಹಿಂಡಿ ಕಲಸುತ್ತಿದ್ದಳು. ಅಪ್ಪ ಅವಳಿಗೆ ಎಲ್ಲವನ್ನೂ ವರ್ಣಿಸುತ್ತಿದ್ದ. ಮರ, ಬಿಳಲು, ಕ್ಯಾನುಗಳು, ಗುಡ್ಡದೊಳಗೆ ನುಗ್ಗಿ ಆ ಕಡೆಯಿಂದ ಬರುವ ಗಾಡಿ.

“ಬೋರ್ಡಲ್ಲಿ ಬರ್ದಿರ್ಲಿಲ್ವಾ ಊರ ಎಸ್ರು? ನಾಕ್ನೇ ಕ್ಲಾಸ್ ಓದಿವ್ನಿ ಅಂತೀಯ, ಅದ್ನೂ ಕೇಳ್ಬೇಕಾ?” ಎಂದಳು ಅವ್ವ.

“ಓದ್ದೆ ಕಣಮ್ಮಿ. ಇವ್ನು ದಿನಾ ಇಲ್ಲಿ ನಿಂತ್ಕಂಡು ಒದ್ದಾಡ್ತಿದ್ನಲ್ಲ, ಇವ್ನ್ ಬಾಯಲ್ಲಿ ಕೇಳ್ಬೇಕಿತ್ತು.” ಅಪ್ಪ ಪಾತ್ರೆಯಿಂದ ಕಣ್ಣೆತ್ತಲಿಲ್ಲ. “ಬಸ್ಸಲ್ಲೆಲ್ಲಾ ಅದೇ ಯೋಚ್ನೆ. ಏನ್ ಕೇಳಾಣ ಅಂದ್ರೂ ಆ ಅಕ್ಸರ ಅಡ್ಡ ಬತ್ತದೆ. ಗಾಡಿ ಎಂಗೆ ಓಡ್ತದೆ ಅನ್ನಂಗಿಲ್ಲ. ಒಗೆ ಯಾಕಿಲ್ಲ ಅನ್ನಂಗಿಲ್ಲ. ನಾನೇನಾರ ಅಂದು ಅಲ್ಲಿ ಇವ್ನಿಗೆ ನಾಚ್ಕೆ ಆಗ್ಬಾರ್ದು ನೋಡು. ಕೊನೇಗೆ ಅದು ಇಲ್ದೇ ಇರೋ ಮಾತು ಒಂದ್ ಸಿಕ್ತು.”

ಇದು ಯಾವ ಊರು ಸಾರ್. ನಾನು ನಿಂತಲ್ಲೇ ಒಂದೊಂದೇ ಅಕ್ಷರ ಎಣಿಸಿದೆ. ನಿಜ, ಎಲ್ಲಿಯೂ ಇರಲಿಲ್ಲ.

“ಚೆನ್ನಾಗ್ ಯೋಳ್ದೆ ಕಣ್ಲಾ” ಎಂದು ಅಪ್ಪ ನನಗೆ ಹೇಳಿ, ಕರೆದ ಹಾಲನ್ನು ಅವ್ವನ ಕೈಗೆ ಕೊಟ್ಟ. ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು. ಈ ಸಲದ್ದು ನಾಲಿಗೆಯ ನಾಚಿಕೆಯಲ್ಲ. ಮೈಕು ಕೈಯಲ್ಲಿದ್ದಾಗ ನಾನು ಆಡಬಹುದಾಗಿದ್ದ ಇನ್ನೊಂದು ಮಾತಿತ್ತು. ಅದರಲ್ಲಿಯೂ ‘ಹ’ ಇರಲಿಲ್ಲ, ಹುಟ್ಟಿದಾಗಿನಿಂದ ಅದನ್ನು ನಾನು ಒಂದು ಸಲವೂ ತಪ್ಪಾಗಿ ಅಂದಿರಲಿಲ್ಲ. ಅಪ್ಪ ಎಂದು.