ಗಿರಿಜಾಳ ಹೊಟ್ಟೆಯ ಮೇಲಿನ ಕಪ್ಪು ಗುರುತು

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ, ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಮಡಕಶಿರಾದಿಂದ ಫೋನು ಬಂತು. ನಿಮ್ಮ ಅಕ್ಕ ಗಿರಿಜಾ ಬಾಡಿಗೆಗಿದ್ದ ಮನೆಯ ಒಡತಿ ಸಾಕಮ್ಮ ಮಾತಾಡಿದಳು. ಹುಡುಗಿಗೆ ಜ್ವರ ಇಳಿಯುತ್ತಿಲ್ಲ, ಮಾತು ತೊದಲುತ್ತಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಮನೆಯವರು ಯಾರಾದರೂ ಬೇಗ ಬನ್ನಿ ಎಂದಳು.

ಮಕ್ಕಳೇ, ಆಗ ನೀವಿಬ್ಬರೂ ಹಾಸ್ಟೆಲಿನಲ್ಲಿ ಇದ್ದಿರಿ. ಪರೀಕ್ಷೆ ಹತ್ತಿರವಿತ್ತು, ನಿಮಗೆ ಯಾರೂ ಏನೂ ಹೇಳಲಿಲ್ಲ. ಆ ದಿನಗಳಲ್ಲಿ ಸ್ವಾಮಿ ನಮ್ಮ ಮನೆಯನ್ನು ಹೇಗೆ ಕಾಯ್ದ ಎಂಬುದು ನಿಮಗೆ ಗೊತ್ತಿರಲಿ ಎಂದು ಈಗ ಬರೆಯುತ್ತಿದ್ದೇನೆ. ಅವನನ್ನು ನಂಬಿದ ಬೇರೆಯವರ ಕೈಗೆ ಸಿಕ್ಕರೆ ಅವರೂ ಓದಲಿ. ನಿಮ್ಮ ಅಜ್ಜಿ ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಳ್ಳಿ.

ಗಿರಿಜಾ ಓದುತ್ತಿದ್ದದ್ದು ಜನರ ಆರೋಗ್ಯದ ಬಗೆಗಿನ ದೊಡ್ಡ ಓದು. ಅದರ ಕಡೆಯ ವರ್ಷ ಕಾಲೇಜಿನಲ್ಲಿ ಕೂರುವಂತಿಲ್ಲ, ಒಂದು ಆರೋಗ್ಯ ಕೇಂದ್ರದಲ್ಲಿದ್ದು ಅಲ್ಲಿಯವರ ಜೊತೆ ಕೆಲಸ ಮಾಡುತ್ತಾ ಸಂಶೋಧನೆ ಮಾಡಬೇಕು. ಅದಕ್ಕೆ ಅವರು ಪ್ಲೇಸ್‌ಮೆಂಟ್ ಅನ್ನುತ್ತಾರೆ. ಅವಳಿಗೆ ಮಡಕಶಿರಾ ಕಡೆಯ ಒಂದು ಕೇಂದ್ರ ಸಿಕ್ಕಿತ್ತು. ಜ್ವರ, ಕಾಮಾಲೆ ಬಂದವರಿಗೆ ಹಳ್ಳಿಗಳಲ್ಲಿ ಇನ್ನೂ ಕಾಯಿಸಿದ ಬಳೆಚೂರಿನಿಂದ, ಸೂಜಿಯಿಂದ ಬರೆ ಹಾಕಿಸುತ್ತಾರಲ್ಲ, ಅದರಿಂದ ಆಸ್ಪತ್ರೆಗೆ ಬರುವುದು ಎಷ್ಟು ತಡವಾಗುತ್ತದೆ ಎಂದು ಕೇಳಿ ತಿಳಿಯುವುದೇ ಅವಳ ವಿಷಯ. ದಿನವೂ ಕೇಂದ್ರದ ನರ್ಸಮ್ಮಗಳ ಜೊತೆ ಹೊರಟು, ಕುರಿಹಟ್ಟಿಗಳಲ್ಲಿ, ಹೊಲದ ಬದುಗಳಲ್ಲಿ ಹೆಂಗಸರ ಪಕ್ಕ ನೆಲಕ್ಕೆ ಕೂತು ಮಾತಾಡಿಸುತ್ತಿದ್ದಳು. ಚಾಪೆ ಕೇಳಿದರೆ ತರಲು ಅವರು ಎದ್ದು ಹೋಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ನನಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು.

ಆ ಸೋಮವಾರ ನಿಮ್ಮ ಅಪ್ಪ ಅಂಗಡಿಗೆ ಬಟ್ಟೆ ತರಲು ಸೂರತ್‌ಗೆ ಹೋಗಿದ್ದ. ನಿಮ್ಮ ಅಮ್ಮನ ಕಾಲು ಮುರಿದು ಸಿಮೆಂಟು ಪಟ್ಟಿ ಹಾಕಿದ್ದರು. ಉಳಿದವಳು ನಾನು. ನಿಮ್ಮ ತಾತ ಇರುವವರೆಗೆ ಅವರ ಹಿಂದೆ, ಅವರು ಹೋದ ಮೇಲೆ ನಿಮ್ಮ ಅಪ್ಪನ ಹಿಂದೆ ನಿಂತೇ ಬದುಕಿದವಳು. ಪರಗಂಡಸರ ಎದುರು ನನಗೆ ಬಾಯಿ ಬರುವುದಿಲ್ಲ. ಕೊರಳಲ್ಲಿ ಲಿಂಗ, ಕೈಯಲ್ಲಿ ವಿಭೂತಿ ಗಟ್ಟಿ ಇದ್ದ ಚೀಲ, ಅಷ್ಟೇ ಹಿಡಿದು ಗುಮ್ಮಘಟ್ಟದಿಂದ ಬರುವ ಆಟೋ ಹತ್ತಿ ರಾಯದುರ್ಗಕ್ಕೆ ಬಂದೆ. ಅಲ್ಲಿಂದ ಕಲ್ಯಾಣದುರ್ಗದ ಬಸ್ಸು, ಆಮೇಲೆ ಮಡಕಶಿರಾ ಬಸ್ಸು. ಕಂಡಕ್ಟರನಿಗೆ ಊರಿನ ಹೆಸರು ಹೇಳುವಾಗಲೂ ನನ್ನ ದನಿ ಅವನಿಗೆ ಕೇಳಿಸದೆ ಪಕ್ಕದ ಹೆಂಗಸು ಹೇಳಿದಳು. ದಾರಿಯುದ್ದಕ್ಕೂ ಒಂದೇ ಕೇಳಿಕೊಂಡೆ: ಸ್ವಾಮಿ, ನಾನು ಹೋಗುವಷ್ಟರಲ್ಲಿ ಮಗು ಕಣ್ಣು ಬಿಟ್ಟಿರಲಿ.

ಕಣ್ಣು ಬಿಟ್ಟಿದ್ದಳು. ಆದರೆ ನನ್ನ ಗುರುತು ಹತ್ತಲಿಲ್ಲ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅಲ್ಲಿದ್ದವರೆಲ್ಲ ಒಳ್ಳೆಯವರೇ. ಟೈಫಾಯ್ಡ್ ಇರಬಹುದು ಎಂದು ಸೂಜಿ ಹಾಕುತ್ತಿದ್ದರು, ಡೆಂಗ್ಯೂ ಎಂದು ರಕ್ತ ತೆಗೆಯುತ್ತಿದ್ದರು. ಜ್ವರ ಮಾತ್ರ ಹಾಗೇ ಇತ್ತು. ನಾನು ಹೋದ ದಿನವೇ ನರ್ಸು ಅವಳ ಬಟ್ಟೆ ಸರಿಸಿ, ಬಲಪಕ್ಕೆಯ ಕೆಳಗೆ ಹೊಟ್ಟೆಯ ಮೇಲಿದ್ದ ಒಂದು ಕಪ್ಪು ಗುರುತು ತೋರಿಸಿದಳು. ಬೀಡಿಯಿಂದ ಚುಚ್ಚಿದ ಹಾಗಿತ್ತು, ಸುತ್ತ ಕೆಂಪು.

"ವಾತ ಹಾಕ್ಸಿ ಆಮೇಲೆ ನಮ್ ಹತ್ರ ಕರ್ಕೊಂಡ್ ಬರ್ತೀರ," ಎಂದಳು. ಆ ಕಡೆಯವರು ಬರೆಗೆ ತೆಲುಗಿನಲ್ಲಿ ವಾತ ಅನ್ನುತ್ತಾರೆ. "ಓದಿರೋ ಹುಡುಗೀನೂ ಬಿಡ್ಲಿಲ್ವಲ್ಲಮ್ಮ ನೀವು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ನಾನು ಹಾಕಿಸಿರಲಿಲ್ಲ. ಆದರೆ ಯಾರೋ ಹಾಕಿಸಿದ್ದಾರಲ್ಲ ಎಂದು ನನಗೂ ಅನ್ನಿಸಿತು. ಸಾಕಮ್ಮನೇ ಗಾಬರಿಯಲ್ಲಿ ಯಾರನ್ನೋ ಕರೆಸಿ ಹಾಕಿಸಿರಬೇಕು ಅಂದುಕೊಂಡೆ. ಅವಳು ಊಟದ ಡಬ್ಬಿ ತಂದಾಗ ಮುಖ ಕೊಟ್ಟು ಮಾತಾಡಲಿಲ್ಲ. ಡಾಕ್ಟರು ಬಂದಾಗಲೂ ಆ ಗುರುತು ನೋಡಿದರು, ನರ್ಸು ವಾತ ಅಂದಳು, ಅವರು ತಲೆಯಾಡಿಸಿ ಮುಂದಕ್ಕೆ ಹೋದರು. ಅವರು ದಿನಾ ನೋಡುವುದೇ ಅಂಥ ಬರೆಗಳನ್ನು.

ಬೆಳಿಗ್ಗೆ ವಾರ್ಡಿನ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದೆ. ನೂರು ಜನ ಓಡಾಡುವ ಕಡೆ ನಾಚಿಕೆಯಾಗುತ್ತಿತ್ತು. ಮಗುವನ್ನು ಉಳಿಸು ಎನ್ನುವುದರ ಹೊರತು ಬೇರೆ ಮಾತು ಹೊರಡುತ್ತಿರಲಿಲ್ಲ. ಎದ್ದು ಬಂದು ಮುಟ್ಟಿ ನೋಡಿದರೆ ಅವಳ ಹಣೆ ಹೆಂಚಿನ ಹಾಗೆ ಕಾದಿರುತ್ತಿತ್ತು.

ಗುರುವಾರ ಅವಳ ಕಣ್ಣಿನ ಬಿಳಿ ಹಳದಿಗೆ ತಿರುಗಿತು. ಉಸಿರು ಮೇಲುಸಿರಾಯಿತು. ಡಾಕ್ಟರು ನನ್ನನ್ನು ಕರೆದು, ಲಿವರಿಗೂ ಹತ್ತಿದೆ, ಶ್ವಾಸಕ್ಕೂ ಹತ್ತುತ್ತಿದೆ, ಮಧ್ಯಾಹ್ನದೊಳಗೆ ಅನಂತಪುರಕ್ಕೆ ಒಯ್ಯಬೇಕಾದೀತು, ದಾರಿಯಲ್ಲಿ ಏನೂ ಆಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ನಿಮ್ಮ ಅಪ್ಪ ಇನ್ನೂ ರೈಲಿನಲ್ಲಿದ್ದ. ಅವಳ ಮಂಚದ ಹತ್ತಿರ ಹೋಗಿ, ಇನ್ನು ನನ್ನ ಕೈಯಲ್ಲಿ ಇರುವುದು ಇಷ್ಟೇ ಎಂದು ವಿಭೂತಿ ಹಚ್ಚತೊಡಗಿದೆ. ಹಣೆಗೆ ಹಚ್ಚಿದೆ, ತೋಳಿಗೆ ಹಚ್ಚಿದೆ. ಆಗ ಗಿರಿಜಾ ನನ್ನ ಕಡೆ ತಿರುಗಿದಳು. ಮುಖದಲ್ಲಿ ಯಾರೋ ಹೊರಗಿನವರನ್ನು ಮಾತಾಡಿಸುವ ಮರ್ಯಾದೆ ಇತ್ತು.

"ಅಮ್ಮಾರೆ, ನಿಮ್ಮನ್ಯಾಗ ಯಾರಿಗಾರ ಬರೆ ಹಾಕ್ಸೀರೇನ್ರಿ?"

ಹಟ್ಟಿಯಲ್ಲಿ ಕೇಳುವ ಪ್ರಶ್ನೆ ಅದು. ಜ್ವರದ ತಲೆಯಲ್ಲಿ ಅವಳು ಇನ್ನೂ ಕೆಲಸದಲ್ಲಿದ್ದಳು. ನನಗೆ ಅಳು ಒತ್ತರಿಸಿ ಬಂತು, ಆದರೂ ಅವಳು ಕಾಯುತ್ತಿದ್ದಳು, ಉತ್ತರ ಕೊಡದೆ ಇರಲಾಗಲಿಲ್ಲ.

"ನನಗ ಹಾಕ್ಸ್ಯಾರವ್ವ," ಎಂದೆ. "ನಾ ಸಣ್ಣಾಕಿ ಇದ್ದಾಗ, ಕಾಮಾಲಿ ಬಂದಿತ್ತು. ನಮ್ಮವ್ವ."

"ಭಾಳ ನೋವಾತೇನ್ರಿ?"

"ಭಾಳ ಆತವ್ವ. ಲಂಗದ ಲಾಡಿ ತಾಗಿದ್ರ ಕುಣ್ಯಾಡಿ ಅಳ್ತಿದ್ದೆ."

ಹಾಗೆ ಹೇಳುವಾಗ ವಿಭೂತಿಯ ಬೆರಳು ಅವಳ ಹೊಟ್ಟೆಯ ಆ ಕಪ್ಪು ಗುರುತಿನ ಮೇಲೆ ಬಂದಿತ್ತು. ನಾನು ಅಲ್ಲಿ ಒತ್ತಿಬಿಟ್ಟಿದ್ದೆ. ಅವಳು ಮಿಸುಕಲಿಲ್ಲ, ಮುಖ ಕಿವುಚಲಿಲ್ಲ. ಮತ್ತೆ ಒತ್ತಿದೆ. ಅವಳಿಗೆ ಅದು ಇರುವುದೇ ಗೊತ್ತಿಲ್ಲದ ಹಾಗೆ ಇದ್ದಳು.

ಅಷ್ಟರಲ್ಲಿ ಸಾಕಮ್ಮ ಗಂಜಿ ತಂದಳು. ಈ ಸಲ ನಾನು ಕೇಳಿಯೇಬಿಟ್ಟೆ, ಬರೆ ಹಾಕಿಸಿದೆಯಾ ತಾಯಿ ಎಂದು. ಅವಳು ಡಬ್ಬಿಯನ್ನು ಟಕ್ಕನೆ ಕೆಳಗಿಟ್ಟಳು.

"ಅದುಕ್ಕಾ ನೀವು ನನ್ ಮಕ ನೋಡ್ತಿರ್ಲಿಲ್ಲ? ಮೂರೊತ್ತೂ ಬರೆ ಹಾಕ್ಬೇಡಿ, ಬರೆ ಹಾಕ್ಬೇಡಿ ಅಂತ ನಮ್ ಬೀದೀನೆಲ್ಲ ಬೈಕೊಂಡ್ ತಿರುಗೋಳು ನಿಮ್ ಮೊಮ್ಮಗಳು. ಅವಳ ಹೊಟ್ಟೆ ಮೇಲೆ ಬರೆ ಹಾಕ್ಸಿ ನಾನು ಆಮೇಲೆ ಬದುಕ್ತೀನೇನಮ್ಮ?"

ಹಾಗಾದರೆ ಯಾರೂ ಹಾಕಿಸಿಲ್ಲ. ಅದು ಬರೆಯೇ ಅಲ್ಲ.

ಡಾಕ್ಟರು ಬಾಗಿಲ ಹತ್ತಿರ ನಿಂತು ಆಂಬ್ಯುಲೆನ್ಸಿಗೆ ಫೋನು ಮಾಡುತ್ತಿದ್ದರು. ಮಕ್ಕಳೇ, ಆ ಹತ್ತು ಹೆಜ್ಜೆ ನಾನು ನಡೆದದ್ದಲ್ಲ. ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದಂತಾಯಿತು. ಅವರೆದುರು ನಿಂತೆ. ಬಾಯಿ ತೆರೆದರೆ ದನಿಯೇ ಇಲ್ಲ. ಅವರು ಏನಮ್ಮಾ ಎಂದರು. ಸ್ವಾಮಿ, ಒಂದು ಮಾತು ಕೊಡು ಎಂದು ಕೊರಳಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದೆ.

"ಅದು ಬರೆ ಅಲ್ರಿ," ಎಂದೆ.

ಡಾಕ್ಟರು ಆಗಲಿ ಎಂಬಂತೆ ಕೈ ಮಾಡಿದರು. ಮನೆಯವರೆಲ್ಲ ಹಾಗೇ ಹೇಳುತ್ತಾರೆ, ಯಾರೂ ಒಪ್ಪುವುದಿಲ್ಲ ಎಂದು ನರ್ಸು ಹಿಂದಿನಿಂದ ಹೇಳಿದಳು.

ಆಗ ನಾನು, ನಿಮ್ಮ ತಾತನ ಹೊರತು ಯಾರ ಎದುರೂ ಸೆರಗು ಸರಿಸದವಳು, ಸೀರೆಯ ಅಂಚನ್ನು ಹೊಟ್ಟೆಯ ಮೇಲಿನಿಂದ ಪಕ್ಕಕ್ಕೆ ಎಳೆದೆ. ಪಕ್ಕೆಯ ಕೆಳಗೆ ನನ್ನ ಹಳೆಯ ಬರೆ ಇದೆ. ಸುಕ್ಕಿದ ಚರ್ಮದ ನಡುವೆ ಬಿಳಿಯ ಗೆರೆ.

"ಬರೆ ಅಂದ್ರ ಹಿಂಗಿರ್ತೈತ್ರಿ. ಉದ್ದಕ ಎಳೀತಾರ. ಗಾಳಿ ತಾಗಿದ್ರೂ ಉರೀತೈತಿ. ಆಕೀದು ಮುಟ್ಟಿ ನೋಡ್ರಿ, ನೋವೇ ಇಲ್ಲ."

ಡಾಕ್ಟರು ಒಂದು ಗಳಿಗೆ ನನ್ನ ಹೊಟ್ಟೆ ನೋಡಿದರು, ಫೋನು ಜೇಬಿಗೆ ಹಾಕಿದರು, ಗಿರಿಜಾಳ ಹತ್ತಿರ ಓಡಿದರು. ಟಾರ್ಚು ಹಿಡಿದು ಬಗ್ಗಿ ನೋಡಿದರು. ಇವಳು ಎಲ್ಲೆಲ್ಲಿ ಕೂರುತ್ತಿದ್ದಳು ಎಂದು ಕೇಳಿದರು. ಕುರಿಹಟ್ಟಿಯ ಪೊದೆಗಳ ಪಕ್ಕ, ಹುಲ್ಲಿನ ಮೇಲೆ ಎಂದು ಸಾಕಮ್ಮ ಹೇಳಿದಳು. ಅವರು ಹಣೆಗೆ ಕೈ ಹಚ್ಚಿಕೊಂಡರು. ಪೊದೆಹುಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಇರುತ್ತದಂತೆ. ಅದು ಕಚ್ಚಿದ ಕಡೆ ಹೀಗೆ ನೋವಿಲ್ಲದ ಕಪ್ಪು ಹಕ್ಕಳೆ ಕಟ್ಟುತ್ತದಂತೆ. ಆ ಜ್ವರಕ್ಕೆ ಔಷಧಿಯೇ ಬೇರೆ. ಅದು ಆ ಆಸ್ಪತ್ರೆಯ ಕಪಾಟಿನಲ್ಲೇ ಇತ್ತು.

"ಬರೆ ಅಂತ್ಲೇ ಬಿಟ್ಬಿಟ್ವಿ ಅಮ್ಮ," ಎಂದರು ಡಾಕ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಅವರೂ ಯಾರದೋ ಮನೆಯ ಮಗ.

ಔಷಧಿ ಕೊಟ್ಟ ಮೇಲೂ ಭಯ ಹೋಗಲಿಲ್ಲ. ಜ್ವರ ಇಳಿಯದಿದ್ದರೆ ಒಯ್ಯಲು ಎಂದು ಅನಂತಪುರದ ವಾಹನ ಅಂಗಳದಲ್ಲೇ ಕಾಯುತ್ತಿತ್ತು. ನಾನು ಮಂಚದ ಕಾಲು ಹಿಡಿದು ಕೂತೇ ಇದ್ದೆ. ಮರುದಿನ ಬೆಳಿಗ್ಗೆ ಅವಳ ಕುತ್ತಿಗೆಯಲ್ಲಿ ಬೆವರು ಕಂಡಿತು. ದಿಂಬೆಲ್ಲ ತೋಯ್ದು ಹೋಗಿತ್ತು. ಹಣೆ ಮುಟ್ಟಿದರೆ ತಣ್ಣಗಿತ್ತು. ಸಾಯುವಾಗಿನ ತಂಪೋ ಏನೋ ಎಂದು ಇನ್ನೊಂದು ಸಲ ಹೆದರಿದೆ. ಅವಳು ಕಣ್ಣು ತೆರೆದು, "ಅಜ್ಜಿ, ನೀ ಯಾವಾಗ ಬಂದಿ? ಒಬ್ಬಾಕೀನ ಬಂದ್ಯಾ?" ಎಂದಳು.

ಅಜ್ಜಿ ಅಂದಳು. ನನಗೆ ಅಷ್ಟು ಸಾಕಾಯಿತು.

ಹುಷಾರಾದ ಮೇಲೆ ನಡೆದದ್ದೆಲ್ಲ ಸಾಕಮ್ಮ ಅವಳಿಗೆ ಬಣ್ಣ ಹಚ್ಚಿ ಹೇಳಿದಳು. ಡಾಕ್ಟರಿಗೇ ಹೊಟ್ಟೆ ತೋರ್ಸಿದ್ಯಾ ಅಜ್ಜಿ ಎಂದು ಗಿರಿಜಾ ನಕ್ಕೂ ನಕ್ಕೂ ಕೆಮ್ಮಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಅವಳು ಮತ್ತೆ ಅದೇ ಕೇಂದ್ರಕ್ಕೆ ಹೋಗಿ ತನ್ನ ಕೆಲಸ ಮುಗಿಸಿದಳು. ಈಗ ನೆಲಕ್ಕೆ ಕೂರುವ ಮುಂಚೆ ತಾನೇ ಒಯ್ದ ಗೋಣಿಚೀಲ ಹಾಸುತ್ತಾಳೆ. ಕೇಂದ್ರದ ನರ್ಸಮ್ಮಗಳು ಈಗ ಹೊಟ್ಟೆಯ ಮೇಲೆ ಕಪ್ಪು ಗುರುತು ಕಂಡರೆ ಬೈಯುವ ಮೊದಲು ಒತ್ತಿ, ನೋವಿದೆಯಾ ಎಂದು ಕೇಳುತ್ತಾರಂತೆ.

ನಾನು ಬೇಡಿದ್ದು ಮಗುವಿನ ಪ್ರಾಣ. ಸ್ವಾಮಿ ಅದನ್ನು ನನ್ನ ಬಾಯಿಯ ಮೂಲಕ ಕೊಟ್ಟ, ನಾನು ಜನ್ಮವೆಲ್ಲ ಮುಚ್ಚಿಟ್ಟುಕೊಂಡ ಬಾಯಿಯ ಮೂಲಕ. ನಮ್ಮವ್ವ ಹಾಕಿಸಿದ ಬರೆಯಿಂದ ನನ್ನ ಕಾಮಾಲೆ ಹೋಗಲಿಲ್ಲ, ಅದು ಅದರಷ್ಟಕ್ಕೆ ಹೋಯಿತು. ನೀವು ಯಾರಿಗೂ ಎಂದೂ ಹಾಕಿಸಬೇಡಿ. ಆದರೆ ಆ ಗುರುತನ್ನು ಇಷ್ಟು ಕಾಲ ಸ್ವಾಮಿ ನನ್ನ ಮೈಮೇಲೆ ಯಾಕೆ ಉಳಿಸಿದ ಎಂದು ನನಗೆ ಈಗ ಗೊತ್ತು. ಮೊದಲು ಸ್ನಾನ ಮಾಡುವಾಗಲೂ ಅದರ ಕಡೆ ನೋಡುತ್ತಿರಲಿಲ್ಲ. ಈಗ ಬೆಳಿಗ್ಗೆ ಪೂಜೆಗೆ ಕೂತು ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಂಡ ಮೇಲೆ, ಒಂದು ಬೆರಳು ಅಲ್ಲಿಗೂ ಹೋಗುತ್ತದೆ.