ತಿರುಗಿ ಓದಿ, ಗಂಗಾಧರಪ್ಪನವರೇ

ಹಳೇಬೀಡಿನ ಕಾಂಚನಮಾಲಾ ಮೆತ್ತಗಿನ ಹೆಂಗಸು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತೆ. ಬಸದಿ ರಸ್ತೆಯಲ್ಲಿ ಪಾತ್ರೆ ಅಂಗಡಿ, ಹೊತ್ತು ಮುಳುಗೋ ಮುಂಚೆ ಊಟ, ಗಿರಾಕಿ ಎಷ್ಟು ಚೌಕಾಸಿ ಮಾಡಿದರೂ ಏರದ ದನಿ, ಎಲ್ಲ ನಿಜ. ಆದರೆ ಒಂದು ಸಲ ಮನಸ್ಸಿಗೆ ಹಾಕಿಕೊಂಡಳು ಅಂದರೆ ಮುಗೀತು, ಬಿಡೋಳಲ್ಲ.

ನಲವತ್ತು ದಾಟಿದ ಮೇಲೆ ಅವಳೂ ಅರಸೀಕೆರೆಯಲ್ಲಿರೋ ನಾನೂ ಒಟ್ಟಿಗೆ ಪರೀಕ್ಷೆ ಬರೆದು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ತಮ್ಮತಮ್ಮಲ್ಲೇ ಮಾತಾಡೋ ವೈರ್‌ಲೆಸ್ಸು, ಅದರ ಲೈಸೆನ್ಸ್ ತಗೊಂಡೆವು. ಬಿರುಗಾಳಿ ಎದ್ದರೆ ಮೊದಲು ಕಂಡವರು ರೇಡಿಯೊದಲ್ಲಿ ಹೇಳೋದು, ಅರಸೀಕೆರೆ ಹ್ಯಾಮ್ ಕ್ಲಬ್ಬಿನವರು ಅದನ್ನ ತಾಲ್ಲೂಕು ಕಚೇರಿಗೂ ಹಳ್ಳಿಗಳಿಗೂ ಮುಟ್ಟಿಸೋದು, ಇದು ನಮ್ಮ ಕೆಲಸ. ಕಾಂಚನ ಮಹಡಿ ಮೇಲೆ ಸಂಡಿಗೆ ಒಣಗಿಸೋ ಜಾಗದಲ್ಲೇ ಆಂಟೆನಾ ನಿಲ್ಲಿಸಿದಳು.

ಕ್ಲಬ್ಬಿನ ಅಧ್ಯಕ್ಷ ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪ. ಕ್ಲಬ್ ಇರೋದೂ ಅವನ ಮಂಡಿಯ ಮಹಡಿಯಲ್ಲೇ. ಹೋದ ವರ್ಷ ಮೇ ತಿಂಗಳಲ್ಲಿ ಕಾಂಚನ ರೇಡಿಯೊಗೆ ಬಂದು, ಆಲಿಕಲ್ಲು ಬಿರುಗಾಳಿ ನಿಮ್ಮ ಕಡೆ ಹೊರಟಿದೆ, ಬಯಲಲ್ಲಿರೋರನ್ನ ಒಳಗೆ ಕರೀರಿ ಅಂದಳು. ಅರಸೀಕೆರೆಯಲ್ಲಿ ಬಿಸಿಲು ಹೊಡೀತಿತ್ತು. ನಿಮ್ಮನೆ ಕುಕ್ಕರ್ ಕೂಗಿರಬೇಕು, ಹೋಗಿ ಒಲೆ ಆರಿಸಿ ಅಂತ ಆ ಮನುಷ್ಯ ಎಲ್ಲರಿಗೂ ಕೇಳೋ ಹಾಗೆ ನಕ್ಕ. ಸ್ವಲ್ಪ ಹೊತ್ತಿಗೇ ಗಾಳಿ ಬಂತು. ಮಂಡಿ ಕೆಳಗಿನ ಕಣದಲ್ಲಿ ಅವನದೇ ಕೊಬ್ಬರಿ ಹರವುತ್ತಿದ್ದ ಕೂಲಿಯ ಬಸಮ್ಮನ ಮೇಲೆ ತಗಡಿನ ಶೀಟು ಬಿದ್ದು ಕಾಲು ಮುರೀತು. ಇವತ್ತಿಗೂ ಕುಂಟುತ್ತಾಳೆ ಪಾಪ.

ತಾಲ್ಲೂಕು ಕಚೇರಿಯವರು ವಿಚಾರಿಸಿದಾಗ ಗಂಗಾಧರಪ್ಪ ಏನಂದ ಗೊತ್ತಾ? ಹಳೇಬೀಡಿನಿಂದ ಎಚ್ಚರಿಕೆಯೇ ಬರಲಿಲ್ಲ, ಆಯಮ್ಮನಿಗೆ ಸೆಟ್ ಹಿಡಿಯೋಕೇ ಬರಲ್ಲ ಅಂದ. ಕಿವಿಯಾರೆ ಕೇಳಿದ್ದ ಕ್ಲಬ್ಬಿನ ಗಂಡಸರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ನಾನೊಬ್ಬಳು ಹೇಳಿದ್ದನ್ನ ಯಾರು ಲೆಕ್ಕಕ್ಕೆ ತಗೋತಾರೆ? ದಿನಾ ಸಂಜೆ ರೇಡಿಯೊದಲ್ಲಿ ಹಾಜರಿ ಕರೆಯುವಾಗ ಅವಳ ಹೆಸರನ್ನೂ ಬಿಟ್ಟ.

ಕಾಂಚನ ಅಳಲಿಲ್ಲ. "ಆ ಸುಳ್ಳನ್ನ ಅವನ ಬಾಯಿಂದಲೇ ವಾಪಸ್ ತೆಗೆಸ್ತೀನಿ ಕಣೇ ಸುಮಿತ್ರ, ಅದೇ ರೇಡಿಯೊದಲ್ಲಿ," ಅಂದಳು. ಆಮೇಲೆ ವರ್ಷಪೂರ್ತಿ ತುಟಿ ಬಿಚ್ಚದೆ ಬರೀ ಕೇಳುತ್ತಾ ಕೂತಳು.

ಈ ಮೇ ತಿಂಗಳಲ್ಲಿ ತಹಸೀಲ್ದಾರರು ಕ್ಲಬ್ ನೋಡೋಕೆ ಬಂದರು; ಬರೋ ಸುದ್ದಿಯನ್ನ ಕಾಂಚನಳಿಗೆ ನಾನು ಮೊದಲೇ ಮುಟ್ಟಿಸಿದ್ದೆ. ಗಂಗಾಧರಪ್ಪನ ಜಂಬ ಕೇಳಬೇಕೆ! ನಮ್ಮದು ಭಾರಿ ಕಟ್ಟುನಿಟ್ಟು ಸಾರ್, ಸಂದೇಶ ಯಾರದೇ ಇರಲಿ, ಬರಕೊಂಡು ಒಂದಕ್ಷರ ಬಿಡದೆ ತಿರುಗಿ ಓದ್ತೀವಿ, ಕಳಿಸಿದವರು ಸರಿ ಅಂದಮೇಲೇ ಮುಗಿದ ಹಾಗೆ ಅಂತ ಕೊಚ್ಚಿಕೊಂಡ. ಅಷ್ಟರಲ್ಲಿ ನನ್ನ ಮೊಬೈಲಿಗೆ ಕಾಂಚನ ಫೋನ್ ಮಾಡಿದಳು. ಗಾಳಿ ಎದ್ದಿದೆ, ಮೊದಲು ಕಣದ ಹೆಂಗಸರನ್ನ ಒಳಗೆ ಸೇರಿಸು, ಆಮೇಲೆ ರೇಡಿಯೊಗೆ ಬರ್ತೀನಿ ಅಂದಳು. ಕೆಳಗೆ ಓಡಿ ಎಲ್ಲರನ್ನೂ ಗೋದಾಮಿನ ಜಗಲಿಗೆ ಹತ್ತಿಸಿದೆ. ಕೈಯಲ್ಲಿ ಹಿಡಿಯೋ ನನ್ನ ಪುಟ್ಟ ರೇಡಿಯೊ ಸೆಟ್ಟನ್ನ ದೊಡ್ಡದಾಗಿ ಕೇಳೋ ಹಾಗೆ ತಿರುಗಿಸಿ ಬಸಮ್ಮನ ಮಡಿಲಲ್ಲಿಟ್ಟು ಮೇಲೆ ಬಂದೆ.

ಕಾಂಚನ ರೇಡಿಯೊಗೆ ಬಂದಳು. ಸೆಟ್ ಮುಂದೆ ಕೂತಿದ್ದ ಗಂಗಾಧರಪ್ಪ ಬರೆದುಕೊಳ್ಳಲಿ ಅಂತ ನಿಧಾನವಾಗಿ ಹೇಳಿದಳು: "ಆಲಿಕಲ್ಲು ಬಿರುಗಾಳಿ ಹಳೇಬೀಡು ದಾಟಿ ಜಾವಗಲ್ ಮೇಲೆ ಅರಸೀಕೆರೆಗೆ ಬರ್ತಿದೆ. ಹೋದ ವರ್ಷವೂ ಹೀಗೇ ತಿಳಿಸಿದ್ದೆ. ಗಂಗಾಧರಪ್ಪ ಕೇಳಿ ನಕ್ಕರು, ಆಮೇಲೆ ಬರಲೇ ಇಲ್ಲ ಅಂತ ಸುಳ್ಳು ಹೇಳಿದರು. ಬಸಮ್ಮನ ಕಾಲು ಮುರಿದದ್ದು ಆ ನಗೆಯಿಂದ. ಯಾರೂ ಬಯಲಿಗೆ ಬರಬೇಡಿ. ತಿರುಗಿ ಓದಿ."

ಗಂಗಾಧರಪ್ಪ ಇಂಗು ತಿಂದ ಮಂಗನ ಹಾಗಾದ. ಮೊದಲ ಮಾತು, ಕೊನೇ ಮಾತು ಎರಡೇ ಓದಿ ಮೇಲೆದ್ದ. ಕಿಟಕಿಯಾಚೆ ಕಣದ ತುಂಬ ಅವನ ಕೊಬ್ಬರಿ ಹರಡಿತ್ತು, ಜೀವವೆಲ್ಲ ಅಲ್ಲೇ ಇತ್ತು.

"ಪೂರ್ತಿ ಇಲ್ಲ. ತಿರುಗಿ ಓದಿ," ಅಂದಳು ಕಾಂಚನ.

ತಹಸೀಲ್ದಾರರು ಆಗಲೇ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಲು ತಮ್ಮವರಿಗೆ ಫೋನ್ ಮಾಡಿ ಮುಗಿಸಿದ್ದರು. ಕೂತ್ಕೊಂಡು ಓದ್ರಿ, ನೀವೇ ಹೇಳಿದ ಕಟ್ಟುನಿಟ್ಟಲ್ವಾ ಅಂದರು. ಓದಿದ. ಸುಳ್ಳು ಅನ್ನೋ ಮಾತನ್ನ ಮಾತ್ರ ನುಂಗಿದ. ಬಿಟ್ಟಳಾ ಇವಳು? ಮತ್ತೆ ಓದಿಸಿದಳು. ಬೇಲೂರು, ಅರೇಹಳ್ಳಿ, ಎಲ್ಲ ಕಡೆಯ ಸೆಟ್ಟೂ ಕೇಳ್ತಾ ಇತ್ತು. ಮೂರನೇ ಸಲ ಒಂದಕ್ಷರ ಬಿಡದೆ ಬಂತು. ಸರಿಯಾಗಿದೆ ಅಂದಳು. ನನ್ನ ಹೊಟ್ಟೆ ತಣ್ಣಗಾಯ್ತು.

ಅಷ್ಟರಲ್ಲಿ ತಗಡಿನ ಮೇಲೆ ಆಲಿಕಲ್ಲು ಟಪಟಪ ಬೀಳೋಕೆ ಶುರುವಾಯ್ತು. ಗಂಗಾಧರಪ್ಪ ಪಂಚೆ ಎತ್ತಿಕಟ್ಟಿ ಕೆಳಗೋಡಿದ. ನಾನು ಬಿಡ್ತೀನಾ, ಹಿಂದೆಯೇ ಹೋದೆ. ಅವನು ಕೊಬ್ಬರಿಗೆ ಹೊದಿಸೋ ಟಾರ್ಪಾಲಿನ ಒಂದು ತುದಿ ಹಿಡಿದು, ಬನ್ರೇ, ಆ ಕಡೆ ಹಿಡ್ಕಳ್ರೇ ಅಂತ ಜಗಲಿ ಕಡೆ ಅರಚಿದ. ಒಬ್ಬಳೂ ಕದಲಲಿಲ್ಲ. ಬಸಮ್ಮ ಮುರಿದ ಕಾಲು ಚಾಚಿಕೊಂಡು ಕೂತಲ್ಲಿಂದಲೇ ಹೇಳಿದಳು:

"ಯಾರೂ ಬಯಲಿಗೆ ಬರಬ್ಯಾಡಿ ಅಂತ ಈಗ ನೀವೇ ಮೂರು ಸತಿ ಓದುದ್ರಲ್ಲ, ಸ್ವಾಮಿ."